ಭತ್ತದ ಎರಡನೇ ಬೆಳೆ

(ಜಪಾನಿನ ಹುಲ್ಲು ಮತ್ತು ನಾರಿನ ಕಸುಬುಗಳ ಬಗ್ಗೆ ನಮ್ಮ ಓದುಗರ ಬಳಗದಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಜಪಾನಿನ ಕೈಕೆಲಸ ಅಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ರೇಷ್ಮೆಯ ಕಿಮೋನೊ, ಅರಗಿನ ಮೆರುಗು ಕೊಟ್ಟ ಬಟ್ಟಲು, ಪಿಂಗಾಣಿ, ಕತ್ತಿ. ಇವೆಲ್ಲ ಬಹುಮಟ್ಟಿಗೆ ಉಳ್ಳವರ ಮನೆಯ ಆಸರೆಯಲ್ಲಿ ಬೆಳೆದ ಕಸುಬುಗಳು. ನಾನು ಇವತ್ತು ಹೇಳಹೊರಟಿರುವುದು ಆ ದೇಶದ ಹಳ್ಳಿಮನೆಗಳಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತಿದ್ದ ಕೆಲಸದ ಬಗ್ಗೆ. ಅದಕ್ಕೆ ಬೇಕಿದ್ದ ವಸ್ತು ಭತ್ತದ ಹುಲ್ಲು. ಅವರು ಅದನ್ನು ವಾರಾ ಅನ್ನುತ್ತಾರೆ.

ಜಪಾನಿನ ರೈತ ಒಂದೇ ಗದ್ದೆಯಿಂದ ಎರಡು ಬೆಳೆ ಮನೆಗೆ ತರುತ್ತಿದ್ದ. ಒಂದು ಅಕ್ಕಿ, ಇನ್ನೊಂದು ಹುಲ್ಲು. ಎದೊ ಕಾಲದಲ್ಲಿ, ಅಂದರೆ 1603ರಿಂದ 1868ರವರೆಗೆ, ಕಂದಾಯ ಕಟ್ಟುತ್ತಿದ್ದದ್ದು ಹೆಚ್ಚಾಗಿ ಅಕ್ಕಿಯ ರೂಪದಲ್ಲೇ. ಬೆಳೆದ ಅಕ್ಕಿಯ ದೊಡ್ಡ ಪಾಲು ಒಡೆಯನ ಉಗ್ರಾಣಕ್ಕೆ ಹೋಗುತ್ತಿತ್ತು. ಹುಲ್ಲು ಮಾತ್ರ ರೈತನ ಮನೆಯಲ್ಲೇ ಉಳಿಯುತ್ತಿತ್ತು. ಚರ್ಮ ದುಬಾರಿ, ಹತ್ತಿ ಎಲ್ಲ ಕಡೆ ಬೆಳೆಯುತ್ತಿರಲಿಲ್ಲ, ಉತ್ತರದ ಚಳಿಯಲ್ಲಂತೂ ಬೆಳೆಯುವುದೇ ಇಲ್ಲ. ಹಾಗಾಗಿ ಚಪ್ಪಲಿ, ಮಳೆಯಂಗಿ, ಹಗ್ಗ, ಚೀಲ, ಚಾಪೆ, ಹಾಸಿಗೆ ಎಲ್ಲಕ್ಕೂ ಹುಲ್ಲೇ ಗತಿಯಾಯಿತು. ಈ ಅನಿವಾರ್ಯದಲ್ಲೇ ಅವರ ಕೈ ಎಷ್ಟು ಪಳಗಿತು ಅಂದರೆ, ಇವತ್ತು ಆ ವಸ್ತುಗಳನ್ನು ಮ್ಯೂಸಿಯಂಗಳಲ್ಲಿ ಗಾಜಿನೊಳಗೆ ಇಟ್ಟು ನೋಡುತ್ತಾರೆ.

ಮೊದಲು ಅಕ್ಕಿ ಮೂಟೆಯಿಂದಲೇ ಶುರು ಮಾಡೋಣ. ಹುಲ್ಲನ್ನು ಚಾಪೆಯ ಹಾಗೆ ನೇಯ್ದು, ಸುರುಳಿ ಮಾಡಿ, ಎರಡೂ ಬದಿಗೆ ಹುಲ್ಲಿನದೇ ದುಂಡು ಮುಚ್ಚಳ ಕೊಟ್ಟು, ಹಗ್ಗದಿಂದ ಬಿಗಿದರೆ ಅದು ತವಾರಾ. ನಮ್ಮ ಕರಾವಳಿಯವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಬೈಹುಲ್ಲಿನ ಅಕ್ಕಿ ಮುಡಿ ನೋಡಿದವರಿಗೆ ವಿಷಯ ಅರ್ಥವಾಗುತ್ತದೆ. ಮುಡಿ ಚೆಂಡಿನ ಹಾಗೆ ಗುಂಡಗೆ, ತವಾರಾ ಉದ್ದ ಪೀಪಾಯಿಯ ಹಾಗೆ. ಅಷ್ಟೇ ವ್ಯತ್ಯಾಸ. ಕೆಲಸ ಎರಡರದ್ದೂ ಒಂದೇ: ಒಳಗಿನ ಅಕ್ಕಿಗೆ ಗಾಳಿಯಾಡಬೇಕು, ಕಾಳು ಮಾತ್ರ ಸೋರಬಾರದು. ಎದೊ ಕಾಲದಲ್ಲಿ ಒಂದೊಂದು ಸೀಮೆಯಲ್ಲಿ ಒಂದೊಂದು ಅಳತೆಯ ತವಾರಾ ಇತ್ತು. ಆಮೇಲೆ ಅದು 60 ಕಿಲೋಗೆ ನಿಂತಿತು. ಈಗ ಅಕ್ಕಿ ಬರುವುದು 30 ಕಿಲೋ ಕಾಗದದ ಚೀಲದಲ್ಲಿ. ಆದರೂ ಜಪಾನಿನ ಸಗಟು ಮಾರುಕಟ್ಟೆಯಲ್ಲಿ ಅಕ್ಕಿಯ ರೇಟು ಹೇಳುವುದು ಇವತ್ತಿಗೂ 60 ಕಿಲೋ ಲೆಕ್ಕದಲ್ಲಿ. ಸುಮೊ ಕುಸ್ತಿಯ ಅಖಾಡದಲ್ಲಿ 4.55 ಮೀಟರ್ ಅಗಲದ ಒಂದು ವೃತ್ತ ಇದೆಯಲ್ಲ, ಅದೂ ಮಣ್ಣು ತುಂಬಿದ 20 ತವಾರಾಗಳನ್ನು ಅರ್ಧ ಹೂತು ಮಾಡಿದ್ದು.

ಕಾಲಿಗೆ ವಾರಾಜಿ. ಹುಲ್ಲಿನ ಚಪ್ಪಲಿ, ಹಗ್ಗದಿಂದ ಕಾಲಿನ ಗಂಟಿಗೆ ಕಟ್ಟಿಕೊಳ್ಳುವಂಥದ್ದು. ದೂರ ನಡೆಯುವವರಿಗೆ ಒಂದು ಜೊತೆ ಬೇಗನೆ ಸವೆದುಹೋಗುತ್ತಿತ್ತು. ಹೆದ್ದಾರಿಯ ಪಕ್ಕದ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತಿತ್ತು. ಹೊಸದು ಕಟ್ಟಿಕೊಂಡು ಹಳೆಯದನ್ನು ಎಸೆದರೆ ಅದು ಗೊಬ್ಬರವಾಗುತ್ತಿತ್ತು. ಒದ್ದೆ ಕಲ್ಲಿನ ಮೇಲೆ ಇದು ಜಾರುವುದಿಲ್ಲ. ಅದಕ್ಕೇ ಹೊಳೆಯಲ್ಲಿ ಮೀನು ಹಿಡಿಯುವವರು, ತೊರೆಯ ಜಾಡು ಹಿಡಿದು ಬೆಟ್ಟ ಹತ್ತುವವರು ರಬ್ಬರ್ ಬೂಟು ಬಂದ ಎಷ್ಟೋ ಕಾಲದ ಮೇಲೂ ವಾರಾಜಿಯನ್ನೇ ನಂಬಿದ್ದರು.

ಕುದುರೆಗೂ ವಾರಾಜಿ ಇತ್ತು ಅಂದರೆ ನಂಬುತ್ತೀರಾ? ಕಬ್ಬಿಣದ ಲಾಳ ಹೊಡೆಯುವುದು ಜಪಾನಿನಲ್ಲಿ ರೂಢಿಗೆ ಬಂದದ್ದು ಮೆಯ್ಜಿ ಕಾಲದಲ್ಲಿ, ಅಂದರೆ 1868ರ ನಂತರ. ಅಲ್ಲಿಯವರೆಗೆ ಕುದುರೆಯ ಗೊರಸಿಗೆ ಹುಲ್ಲಿನ ಬೂಟು ಕಟ್ಟುತ್ತಿದ್ದರು. ಚಿತ್ರಕಾರ ಹಿರೊಶಿಗೆ 1857ರಲ್ಲಿ ಎದೊ ನಗರದ, ಅಂದರೆ ಈಗಿನ ಟೋಕಿಯೊದ, ನಾಯ್ತೊ ಶಿಂಜುಕು ಬೀದಿಯ ಒಂದು ಚಿತ್ರ ಮಾಡಿದ್ದಾನೆ. ಚಿತ್ರದ ತುಂಬ ಒಂದು ಕುದುರೆಯ ಹಿಂಗಾಲುಗಳು. ಆ ಕಾಲುಗಳ ನಡುವಿನಿಂದ ನಮಗೆ ಬೀದಿ ಕಾಣುತ್ತದೆ. ನೆಲದ ಮೇಲೆ ಲದ್ದಿ. ಗೊರಸಿಗೆ ಕಟ್ಟಿದ ಹುಲ್ಲಿನ ಬೂಟು ಸ್ಪಷ್ಟವಾಗಿ ಕಾಣುತ್ತದೆ. ಆ ಕಾಲದ ಬೀದಿಯಲ್ಲಿ ಹುಲ್ಲು ಎಷ್ಟು ಸಹಜವಾಗಿತ್ತು ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಇನ್ನು ಮನೆಯೊಳಗೆ. ಗೋಡೆಯ ಮಣ್ಣಿಗೆ ಕತ್ತರಿಸಿದ ಹುಲ್ಲು ಕಲಸುತ್ತಿದ್ದರು, ಗೋಡೆ ಬಿರುಕು ಬಿಡದಿರಲಿ ಅಂತ. ಹುಲ್ಲು ಸುಟ್ಟ ಬೂದಿಯನ್ನು ಕುಂಬಾರರು ಮಡಕೆಯ ಮೆರುಗಿಗೆ ಬಳಸುತ್ತಿದ್ದರು. ಹಾಗಿ, ಕರಾತ್ಸು ಮಡಕೆಗಳ ಮೇಲಿನ ಹಾಲಿನಂಥ ಬಿಳಿ ಬರುವುದು ಆ ಬೂದಿಯಿಂದ. ಬೇಯಿಸಿದ ಸೋಯಾ ಕಾಳನ್ನು ಹುಲ್ಲಿನ ಪೊಟ್ಟಣದಲ್ಲಿ ಕಟ್ಟಿ ಬೆಚ್ಚಗೆ ಇಟ್ಟರೆ ನಾತ್ತೊ ಆಗುತ್ತದೆ. ಹುಲ್ಲಿನಲ್ಲೇ ಇರುವ ಬ್ಯಾಸಿಲಸ್ ಸಬ್ಟಿಲಿಸ್ ಅನ್ನುವ ಬ್ಯಾಕ್ಟೀರಿಯಾ ಕಾಳನ್ನು ಹುಳಿಸುತ್ತದೆ. ಹುಲ್ಲನ್ನು ಮೊದಲು ಕುದಿಯುವ ನೀರಿಗೆ ಹಾಕುತ್ತಾರೆ. ಬೇರೆ ಸೂಕ್ಷ್ಮಜೀವಿಗಳು ಸಾಯುತ್ತವೆ, ಇದರ ಬೀಜಕಣ ಮಾತ್ರ ಆ ಬಿಸಿಯನ್ನೂ ತಡೆದುಕೊಳ್ಳುತ್ತದೆ. ಅಂದರೆ ಪೊಟ್ಟಣವೇ ಇಲ್ಲಿ ಹೆಪ್ಪು.

ಈಗ ಕೈಕೆಲಸದ ಹತ್ತಿರ ಬರುತ್ತೇನೆ. ಇಗೋ, ಒಂದು ಹಿಡಿ ಹುಲ್ಲು ತಂದಿದ್ದೇನೆ. ಇದು ಹೀಗೇ ಕೆಲಸಕ್ಕೆ ಬರುವುದಿಲ್ಲ. ಮೊದಲು ತೆನೆಯಿದ್ದ ತುದಿಯನ್ನು ಬಿಗಿಯಾಗಿ ಹಿಡಿದು, ಬುಡದ ಕಡೆಗೆ ಬೆರಳಿನಿಂದ ಬಾಚಬೇಕು. ಒಣ ಎಲೆ, ಬುಡದ ಪೊರೆ ಎಲ್ಲ ಉದುರಿ ಒಳಗಿನ ದಂಟು ಮಾತ್ರ ಉಳಿಯುತ್ತದೆ. ಉದುರಿದ್ದನ್ನೂ ಅವರು ಬಿಸಾಡುತ್ತಿರಲಿಲ್ಲ, ಹಾಸಿಗೆಯೊಳಗೆ ತುಂಬುತ್ತಿದ್ದರು. ಆಮೇಲೆ ದಂಟಿಗೆ ನೀರು ಚಿಮುಕಿಸಿ, ಚಪ್ಪಟೆ ಕಲ್ಲಿನ ಮೇಲಿಟ್ಟು, ಮರದ ಕೊಡತಿಯಿಂದ ಬಡಿಯಬೇಕು. ಒಂದು ಕೈ ಬಡಿಯುತ್ತದೆ, ಇನ್ನೊಂದು ಕೈ ಕಂತೆಯನ್ನು ತಿರುಗಿಸುತ್ತಾ ಹೋಗುತ್ತದೆ. ಗೆಣ್ಣುಗಳೆಲ್ಲ ನುಗ್ಗಾಗಿ ಹುಲ್ಲು ಬಟ್ಟೆಯಂತೆ ಬಗ್ಗಬೇಕು. ಕಡಿಮೆ ಬಡಿದರೆ ಹೊಸೆಯುವಾಗ ಮುರಿಯುತ್ತದೆ. ಜಾಸ್ತಿ ಬಡಿದರೆ ನಾರೇ ಪುಡಿಯಾಗಿ ಹಗ್ಗಕ್ಕೆ ಬಲ ಇರುವುದಿಲ್ಲ. ಎಲ್ಲಿ ನಿಲ್ಲಿಸಬೇಕು ಅನ್ನುವುದು ಕೈಗೇ ಗೊತ್ತಾಗಬೇಕು. ಹಳೆಯ ಹಳ್ಳಿಮನೆಗಳಲ್ಲಿ ಹುಲ್ಲು ಬಡಿಯುವ ಕಲ್ಲನ್ನು ಮಣ್ಣಿನ ನೆಲದಲ್ಲಿ ಹೂತೇ ಇಟ್ಟಿರುತ್ತಿದ್ದರು. ದಿನಾ ಬೇಕಾಗುವ ವಸ್ತು ಅದು.

ಇನ್ನು ಹಗ್ಗ. ಎರಡು ಎಳೆ ತೆಗೆದುಕೊಂಡು ಬುಡವನ್ನು ಕಾಲಡಿ ಒತ್ತಿಹಿಡಿಯುತ್ತಾರೆ. ಎರಡು ಅಂಗೈ ನಡುವೆ ಎಳೆಗಳನ್ನು ಬೇರೆ ಬೇರೆಯಾಗಿ ಇಟ್ಟು ಉಜ್ಜಿದರೆ ಎರಡೂ ಒಂದೇ ದಿಕ್ಕಿಗೆ ಹುರಿಗೊಳ್ಳುತ್ತವೆ. ಕೂಡಲೇ ಆ ಎರಡನ್ನೂ ಒಂದರ ಮೇಲೊಂದು ಹಾಯಿಸಿ ಎದುರು ದಿಕ್ಕಿಗೆ ಸುತ್ತಬೇಕು. ಈಗ ಪ್ರತಿ ಎಳೆಯೂ ಬಿಚ್ಚಿಕೊಳ್ಳಲು ನೋಡುತ್ತದೆ. ಬಿಚ್ಚಿಕೊಳ್ಳಲು ನೋಡಿದಷ್ಟೂ ಪಕ್ಕದ ಎಳೆಯನ್ನು ಬಿಗಿಯುತ್ತದೆ. ಗಂಟು ಹಾಕುವುದಿಲ್ಲ, ಅಂಟು ಬಳಿಯುವುದಿಲ್ಲ. ಒಂದು ಎಳೆ ತೆಳ್ಳಗಾಯಿತು ಅನ್ನಿಸಿದಾಗ ಎರಡೋ ಮೂರೋ ಹೊಸ ಕಡ್ಡಿ ನಡುವೆ ಸೇರಿಸಿದರೆ ಹಗ್ಗ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಒಂದು ಹುಲ್ಲುಕಡ್ಡಿ ಮೊಳ ಎರಡು ಮೊಳ ಇರಬಹುದು. ಹಗ್ಗಕ್ಕೆ ಮಾತ್ರ ಉದ್ದದ ಮಿತಿಯೇ ಇಲ್ಲ. ನನಗೆ ಈ ಎಲ್ಲ ಕಸುಬಿನಲ್ಲಿ ತುಂಬ ಇಷ್ಟವಾಗುವ ಗಳಿಗೆ ಇದೇ.

ವಾರಾಜಿ ಹೆಣೆಯುವವರಿಗೆ ಮಗ್ಗವೇ ಬೇಡ. ನೆಲದ ಮೇಲೆ ಕಾಲು ಚಾಚಿ ಕೂತು, ಹಗ್ಗವನ್ನು ಎರಡೂ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ನಾಲ್ಕು ಸಾಲು ಮಾಡಿಕೊಂಡರೆ ಅದೇ ಹಾಸು. ಬಡಿದ ಹುಲ್ಲನ್ನು ಆ ನಾಲ್ಕು ಸಾಲಿನ ಮೇಲೆ ಕೆಳಗೆ ಹಾಯಿಸುತ್ತಾ ಹೊಕ್ಕು ಹಾಕುತ್ತಾರೆ. ನಡುನಡುವೆ ಎರಡೂ ಬದಿಗೆ ಕುಣಿಕೆ ಬಿಡುತ್ತಾರೆ, ಕಟ್ಟುವ ದಾರ ಪೋಣಿಸಲು. ಕೊನೆಗೆ ಹಾಸಿನ ಹಗ್ಗವನ್ನು ಜಗ್ಗಿದರೆ ಇಡೀ ಹೆಣಿಗೆ ಒಟ್ಟಾಗಿ ಬಿಗಿದುಕೊಳ್ಳುತ್ತದೆ. ಇದು ಮನೆಮಂದಿಯೆಲ್ಲ ಮಾಡುವ ಕೆಲಸ. ಚಳಿಗಾಲದಲ್ಲಿ ಗದ್ದೆ ಹಿಮದಡಿ ಇರುತ್ತದೆ. ಆಗ ರಾತ್ರಿ ಹೊತ್ತು ನೆಲದ ಒಲೆಯ ಸುತ್ತ ಕೂತು ಮುಂದಿನ ವರ್ಷಕ್ಕೆ ಬೇಕಾದ ಹಗ್ಗ, ಚಪ್ಪಲಿ, ಚಾಪೆಯನ್ನೆಲ್ಲ ಆಗಲೇ ಮಾಡಿಟ್ಟುಕೊಳ್ಳುತ್ತಿದ್ದರು.

ನಿಗಾತಾ, ಯಮಗಾತಾ, ಅಕಿತಾ. ಜಪಾನ್ ಸಮುದ್ರದ ಕಡೆಯ ಈ ಸೀಮೆಗಳಲ್ಲಿ ಆಳೆತ್ತರ ಹಿಮ ಬೀಳುತ್ತದೆ. ಹುಲ್ಲಿನ ಕೆಲಸ ಅತಿ ಸೊಗಸಾಗಿ ಬೆಳೆದದ್ದೂ ಇಲ್ಲೇ. ಮೊಣಕಾಲಿನವರೆಗೆ ಬರುವ ಹುಲ್ಲಿನ ಬೂಟು, ತಲೆಯಿಂದ ಬೆನ್ನವರೆಗೆ ಇಳಿಬಿಡುವ ಹುಲ್ಲಿನ ಟೊಪ್ಪಿಗೆ, ಮಿನೊ ಅನ್ನುವ ಹುಲ್ಲಿನ ಮಳೆಯಂಗಿ. ಭತ್ತದ ದಂಟು ಒಳಗೆ ಟೊಳ್ಳು. ಆ ಟೊಳ್ಳಿನಲ್ಲಿ ಗಾಳಿ ನಿಂತು ಕಾಲನ್ನು ಬೆಚ್ಚಗಿಡುತ್ತದೆ. ಮಿನೊದ ಹೊರಗೆ ಹುಲ್ಲು ಪದರ ಪದರವಾಗಿ ಜೋತುಬಿದ್ದಿರುತ್ತದೆ, ನೀರು ಒಂದರಿಂದ ಒಂದಕ್ಕೆ ಇಳಿದು ಹೋಗುತ್ತದೆ. ಒಳಬದಿಯಲ್ಲಿ ಮಾತ್ರ ಸಣ್ಣ ಹಗ್ಗದ ಬಲೆ. ಕತ್ತಿನ ಹತ್ತಿರದ ಹೆಣಿಗೆಯಲ್ಲಿ ಬಣ್ಣದ ದಾರ ಸೇರಿಸಿ ಚಿತ್ತಾರ ಮಾಡುತ್ತಿದ್ದದ್ದೂ ಉಂಟು. ಕೆಸರಿನಲ್ಲಿ ದುಡಿಯುವವರ ಮಳೆಯಂಗಿಗೆ ಇಷ್ಟು ಪ್ರೀತಿಯ ಕೆಲಸ!

ಇದನ್ನು ಹೊರಗಿನವರು ಗುರುತಿಸಿದ ಒಂದು ಸಂದರ್ಭ ಹೇಳಬೇಕು. ಹಿಮದಿಂದ ನಲುಗಿದ ಹಳ್ಳಿಗಳಿಗೆ ಚಳಿಗಾಲದಲ್ಲಿ ಏನಾದರೂ ಸಂಪಾದನೆ ದಾರಿ ಹುಡುಕಲು ಸರ್ಕಾರ 1933ರಲ್ಲಿ ಯಮಗಾತಾದ ಶಿಂಜೊದಲ್ಲಿ ಒಂದು ಸಂಶೋಧನಾ ಕಚೇರಿ ತೆರೆಯಿತು. ಜನಪದ ಕಲೆಗಳ ಚಳವಳಿ ಕಟ್ಟಿದ ಯಾನಗಿ ಸೊಯೆತ್ಸು ಅವರ ಬಳಗವೂ ಇಂಥ ವಸ್ತುಗಳ ಬೆಲೆ ಏನು ಅಂತ ಅದೇ ಹೊತ್ತಿಗೆ ಸಾರಿ ಹೇಳುತ್ತಿತ್ತು. ಟೋಕಿಯೊದಲ್ಲಿ ಅವರು 1936ರಲ್ಲಿ ತೆರೆದ ಜನಪದ ಕಲೆಗಳ ಮ್ಯೂಸಿಯಂ ಈಗಲೂ ಇದೆ. 1940ರಲ್ಲಿ ಫ್ರಾನ್ಸಿನ ವಿನ್ಯಾಸಗಾರ್ತಿ ಷಾರ್ಲೊತ್ ಪೆರಿಯಾಂ ಜಪಾನ್ ಸರ್ಕಾರದ ಸಲಹೆಗಾರ್ತಿಯಾಗಿ ಬಂದರು. ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ಜೊತೆ ಉಕ್ಕಿನ ಕೊಳವೆಯ ಕುರ್ಚಿಗಳನ್ನು ಮಾಡಿದ್ದವರು ಅವರು. ಶಿಂಜೊದಲ್ಲಿ ಮಿನೊ ನೋಡಿ, ಅದೇ ಹೆಣಿಗೆಯಲ್ಲಿ ಒರಗು ಕುರ್ಚಿಗೆ ಒಂದು ಹಾಸು ಮಾಡಿಸಿದರು. ಮರುವರ್ಷ ಅವರು ನಡೆಸಿದ ಪ್ರದರ್ಶನದಲ್ಲಿ ಅದನ್ನು ಇಟ್ಟರು. ರೈತರ ಕೈಯೇ ಅದನ್ನು ಮಾಡಿದ್ದು. ಅವರು ಹೊಸದೇನೂ ಕಲಿಯಬೇಕಿರಲಿಲ್ಲ. ಬೇಕಿದ್ದದ್ದು ಆಕಾರ ಮಾತ್ರ.

ದೇವರ ವಿಷಯಕ್ಕೆ ಬಂದರೆ ಹುಲ್ಲು ಇನ್ನೂ ಮೇಲಕ್ಕೆ ಹೋಗುತ್ತದೆ. ಸೂರ್ಯದೇವತೆ ಅಮಾತೆರಾಸು ಮುನಿಸಿಕೊಂಡು ಗುಹೆ ಸೇರಿದಾಗ ಲೋಕವೆಲ್ಲ ಕತ್ತಲಾಯಿತಂತೆ. ಉಳಿದ ದೇವತೆಗಳು ಉಪಾಯ ಮಾಡಿ ಅವಳನ್ನು ಹೊರಗೆ ಕರೆದು, ಮತ್ತೆ ಒಳಗೆ ಹೋಗದಿರಲಿ ಅಂತ ಅವಳ ಬೆನ್ನಹಿಂದೆ ಒಂದು ಹುಲ್ಲಿನ ಹಗ್ಗ ಎಳೆದರಂತೆ. ಶಿಂಟೊ ದೇಗುಲಗಳಲ್ಲಿ ಕಟ್ಟುವ ಶಿಮೆನಾವಾ ಹಗ್ಗದ ಮೂಲ ಕಥೆ ಇದು. ಮನೆಬಳಕೆಯ ಹಗ್ಗವನ್ನು ಬಲಕ್ಕೆ ಹೊಸೆದರೆ ದೇವರ ಹಗ್ಗವನ್ನು ಸಾಮಾನ್ಯವಾಗಿ ಎಡಕ್ಕೆ ಹೊಸೆಯುತ್ತಾರೆ. ಹೊಸ ವರ್ಷಕ್ಕೆ ಮನೆ ಬಾಗಿಲಿಗೂ ಇದನ್ನು ಕಟ್ಟುತ್ತಾರೆ. ಎಲ್ಲ ಕಡೆ ಕೆಲವೇ ದಿನ ಇಟ್ಟು ತೆಗೆದರೆ, ಇಸೆ ಮತ್ತು ತಕಾಚಿಹೊ ಸೀಮೆಗಳಲ್ಲಿ ವರ್ಷವಿಡೀ ಬಿಡುತ್ತಾರೆ. ಅಕಿತಾದ ಓಗಾದಲ್ಲಿ ಡಿಸೆಂಬರ್ 31ರ ರಾತ್ರಿ ನಮಾಹಗೆ ಅನ್ನುವ ಭೂತದ ವೇಷದವರು ಹುಲ್ಲಿನ ಉಡುಗೆ ತೊಟ್ಟು ಮನೆಮನೆಗೆ ನುಗ್ಗಿ ಮಕ್ಕಳನ್ನು ಹೆದರಿಸುತ್ತಾರೆ. ಆ ಉಡುಗೆಯಿಂದ ತಾನಾಗಿ ಉದುರಿದ ಹುಲ್ಲು ಸಿಕ್ಕರೆ ವರ್ಷಪೂರ್ತಿ ಆರೋಗ್ಯ ಅನ್ನುವ ನಂಬಿಕೆ. ಕಿತ್ತುಕೊಳ್ಳುವಂತಿಲ್ಲ, ಉದುರಿದ್ದೇ ಆಗಬೇಕು.

ಈ ಹಗ್ಗಗಳಲ್ಲಿ ಹೆಸರುವಾಸಿಯಾದದ್ದು ಶಿಮಾನೆ ಸೀಮೆಯ ಇಜುಮೊ ದೇಗುಲದ್ದು. ಅಲ್ಲಿನ ಕಗುರಾ (ದೇವರ ಕುಣಿತ) ಮಂಟಪದ ಮುಂದೆ ತೂಗುವ ಶಿಮೆನಾವಾದ ಉದ್ದ 13 ಮೀಟರಿಗೂ ಹೆಚ್ಚು, ತೂಕ 5 ಟನ್ನಿಗೂ ಹೆಚ್ಚು. ಕೆಲವು ವರ್ಷಗಳಿಗೊಮ್ಮೆ ಬದಲಿಸುತ್ತಾರೆ. 2018ರಲ್ಲಿ ಹಾಗೆ ಹೊಸದು ಕಟ್ಟಿದರು. ಬೆಟ್ಟಸೀಮೆಯ ಈನಾನ್ ಅನ್ನುವ ಊರಿನವರು ಇದನ್ನು ಮಾಡುತ್ತಾರೆ. ಎರಡು ದೈತ್ಯ ಎಳೆ, ಪ್ರತಿ ಎಳೆಯ ಹೊಟ್ಟೆಯೊಳಗೆ ಹುಲ್ಲಿನ ತಿರುಳು, ಹೊರಗೆ ಹುಲ್ಲಿನ ಚಾಪೆ. ತಿರುಚಲು ಕ್ರೇನ್ ಬೇಕು, ಜೊತೆಗೆ ಊರಿನ ಜನರ ಹೆಗಲೂ ಬೇಕು. ಆದರೆ ತತ್ತ್ವ ಅದೇ: ಎಳೆ ಒಂದು ಕಡೆಗೆ, ಹಗ್ಗ ಇನ್ನೊಂದು ಕಡೆಗೆ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಮಾತು. ಹುಲ್ಲಿನ ಕಸುಬು ಕುಗ್ಗಿದ್ದು ಯಾಕೆ ಅಂತ ಕೇಳಿದರೆ ಎಲ್ಲರೂ ಹೇಳುವುದು ಪ್ಲಾಸ್ಟಿಕ್ ಹಗ್ಗ, ರಬ್ಬರ್ ಬೂಟು ಬಂತು ಅಂತ. ನಿಜವೇ. ಆದರೆ ಅದು ಅರ್ಧ ಉತ್ತರ. ಇನ್ನರ್ಧ ಗದ್ದೆಯಲ್ಲಿದೆ. ಮೊದಲು ಭತ್ತವನ್ನು ಕುಡುಗೋಲಿನಿಂದ ಬುಡಕ್ಕೆ ಕೊಯ್ದು, ಕಂತೆ ಕಟ್ಟಿ, ಮರದ ಗಳುಗಳ ಮೇಲೆ ತಲೆಕೆಳಗಾಗಿ ತೂಗುಹಾಕಿ ಒಣಗಿಸುತ್ತಿದ್ದರು. ಉದ್ದನೆಯ ಹುಲ್ಲು ಮುರಿಯದೆ ಕೈಗೆ ಬರುತ್ತಿತ್ತು. 1970ರ ದಶಕದ ಹೊತ್ತಿಗೆ ಕಂಬೈನ್ ಯಂತ್ರ ಹರಡಿತು. ಅದು ಕೊಯ್ಯುತ್ತದೆ, ಒಕ್ಕುತ್ತದೆ, ಹುಲ್ಲನ್ನು ತುಂಡು ತುಂಡು ಮಾಡಿ ಗದ್ದೆಗೇ ಚೆಲ್ಲುತ್ತದೆ. ಜೊತೆಗೆ ತಳಿಗಳೂ ಗಿಡ್ಡವಾದವು. ಗೊಬ್ಬರ ಹಾಕಿದಾಗ ಉದ್ದ ಪೈರು ಮಲಗಿಬಿಡುತ್ತದೆ, ಗಿಡ್ಡದ್ದು ನಿಲ್ಲುತ್ತದೆ. ಹಗ್ಗ ಹೊಸೆಯುವವನಿಗೆ ಗಿಡ್ಡ ಹುಲ್ಲು, ತುಂಡು ಹುಲ್ಲು ಎರಡೂ ಪ್ರಯೋಜನವಿಲ್ಲ. ಕೈಗೆ ಕೆಲಸ ಗೊತ್ತಿದ್ದರೂ ಕೈಯಲ್ಲಿ ಹುಲ್ಲಿಲ್ಲ. ನಮ್ಮ ಕಡೆಯೂ ಕಟಾವು ಯಂತ್ರ ಬಂದ ಮೇಲೆ ಮುಡಿ ಕಟ್ಟಲು ಬೇಕಾದ ನೀಳ ಹುಲ್ಲು ಸಿಗುವುದು ಕಷ್ಟವಾಗಿದೆ, ಅಲ್ವಾ?

ಹಾಗಾಗಿ ಇವತ್ತು ಜಪಾನಿನಲ್ಲಿ ಹುಲ್ಲಿನ ಕೆಲಸ ಮಾಡುವ ಅನೇಕರು ತಾವೇ ಭತ್ತ ಬೆಳೆಯುತ್ತಾರೆ. ಉದ್ದ ದಂಟಿನ ಹಳೆಯ ತಳಿಗಳನ್ನು ಹುಡುಕಿ ಬಿತ್ತುತ್ತಾರೆ. ಶಿಮೆನಾವಾಕ್ಕೆ ಹಸಿರು ಬಣ್ಣದ ಹುಲ್ಲು ಬೇಕಾದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಬೇಸಿಗೆಯ ನಡುವೆ, ತೆನೆ ಬರುವ ಮೊದಲೇ ಪೈರನ್ನು ಕೊಯ್ದು ಒಣಗಿಸುತ್ತಾರೆ. ಕಾಳಿಗೆ ಹೋಗಬೇಕಿದ್ದ ಸತ್ವ ದಂಟಿನಲ್ಲೇ ಉಳಿದು ಹುಲ್ಲು ಗಟ್ಟಿಯಾಗಿ, ಹಸಿರಾಗಿ ಇರುತ್ತದೆ. ಆದರೆ ಆ ಗದ್ದೆಯಿಂದ ಒಂದು ಕಾಳು ಅಕ್ಕಿಯೂ ಸಿಗುವುದಿಲ್ಲ. ಯೋಚನೆ ಮಾಡಿ. ಅಕ್ಕಿ ತೆಗೆದ ಮೇಲೆ ಉಳಿಯುವುದೇ ಹುಲ್ಲು ಅಂದುಕೊಂಡಿದ್ದ ದೇಶದಲ್ಲಿ, ಈಗ ಹುಲ್ಲು ಉಳಿಸಿಕೊಳ್ಳಲು ಅಕ್ಕಿಯನ್ನು ಬಿಟ್ಟುಕೊಡಬೇಕಾಗಿದೆ. ಒಂದು ಕಸುಬನ್ನು ಉಳಿಸುವುದು ಅಂದರೆ ಸುಮ್ನೆ ತರಬೇತಿ ಶಿಬಿರ ಮಾಡಿ ಪ್ರಮಾಣಪತ್ರ ಕೊಡುವುದಲ್ಲ. ಯಾರೋ ಒಬ್ಬರು ಗದ್ದೆಗೆ ಇಳಿಯಬೇಕು.

ಬೇರೆ ನಾರುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ತತಾಮಿ ಚಾಪೆಯ ಒಳತಿರುಳು ಒತ್ತಿ ಹೊಲಿದ ಭತ್ತದ ಹುಲ್ಲು. ಸುಮಾರು 40 ಸೆಂಟಿಮೀಟರ್ ಎತ್ತರದ ಹುಲ್ಲಿನ ರಾಶಿಯನ್ನು 5 ಸೆಂಟಿಮೀಟರಿಗೆ ಇಳಿಸುತ್ತಾರೆ. ಈಗ ಅಲ್ಲೂ ಥರ್ಮಾಕೋಲಿನಂಥ ಹಲಗೆ ಬಂದಿದೆ. ಮೇಲಿನ ಹೊದಿಕೆ ಇಗುಸಾ ಅನ್ನುವ ಜೊಂಡಿನದ್ದು. ಕುಮಮೊತೊದ ಯತ್ಸುಶಿರೊ ಬಯಲಿನಲ್ಲಿ ಚಳಿಗಾಲದಲ್ಲಿ ನೆಟ್ಟು ಬೇಸಿಗೆಯ ಶುರುವಿಗೆ ಕೊಯ್ಯುತ್ತಾರೆ. ಕೊಯ್ದ ಕೂಡಲೇ ತಿಳಿಮಣ್ಣಿನ ನೀರಿನಲ್ಲಿ ಅದ್ದಿ ಒಣಗಿಸುತ್ತಾರೆ. ಹೊಸ ತತಾಮಿಯ ಪರಿಮಳ, ಬಣ್ಣ ಎರಡನ್ನೂ ಕಾಯುವುದು ಆ ಮಣ್ಣು. ಯಮಗಾತಾದ ಸೆಕಿಗವಾದಂಥ ಊರುಗಳಲ್ಲಿ ಶಿನಾ ಮರದ ಒಳತೊಗಟೆಯನ್ನು ಮಳೆಗಾಲದಲ್ಲಿ ಸುಲಿದು, ಬೂದಿನೀರಿನಲ್ಲಿ ಬೇಯಿಸಿ, ಸೀಳಿ ದಾರ ಮಾಡಿ ಬಟ್ಟೆ ನೇಯುತ್ತಾರೆ.

ಬಾಳೆಯದ್ದು ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. ಒಕಿನಾವಾ ದ್ವೀಪದ ಓಗಿಮಿ ಹಳ್ಳಿಯ ಕಿಜೊಕಾದಲ್ಲಿ ಬಾಳೆನಾರಿನಿಂದ ಬಾಶೋಫು ಅನ್ನುವ ಬಟ್ಟೆ ನೇಯುತ್ತಾರೆ. ಇದು ಹಣ್ಣಿನ ಬಾಳೆಯಲ್ಲ, ನಾರಿಗೆಂದೇ ಬೆಳೆಸುವ ಬಾಳೆ. ದಿಂಡಿನ ಪೊರೆಗಳನ್ನು ಒಂದೊಂದಾಗಿ ಬಿಚ್ಚಿ ಒರಟು, ನಯ ಅಂತ ಬೇರೆ ಮಾಡುತ್ತಾರೆ. ಒಳಗಿನ ಪೊರೆ ನಯ, ಅದು ಕಿಮೋನೊಗೆ. ಒಂದು ಕಿಮೋನೊ ಬಟ್ಟೆಗೆ ಸುಮಾರು 200 ಗಿಡ ಬೇಕು. ಬೂದಿನೀರಿನಲ್ಲಿ ಬೇಯಿಸಿ, ಬಿದಿರಿನ ಸೀಳಿನಿಂದ ಕೀಸಿ, ನಾರಿಗೆ ನಾರು ಗಂಟು ಹಾಕುತ್ತಾ ದಾರ ಮಾಡುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಒಕಿನಾವಾ ನುಚ್ಚುನೂರಾದ ಮೇಲೆ ಈ ನೇಯ್ಗೆಯನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದವರು ತೈರಾ ತೊಶಿಕೊ. 1921ರಲ್ಲಿ ಹುಟ್ಟಿದವರು. ಸರ್ಕಾರ 2000ದಲ್ಲಿ ಅವರನ್ನು ಜೀವಂತ ರಾಷ್ಟ್ರೀಯ ಸಂಪತ್ತು ಎಂದು ಗೌರವಿಸಿತು. 2022ರಲ್ಲಿ ತೀರಿಕೊಂಡರು. ಹಂಪಿ ಪಕ್ಕದ ಆನೆಗೊಂದಿಯಲ್ಲಿ ಬಾಳೆನಾರು ಹೊಸೆದು ಚೀಲ, ಬುಟ್ಟಿ ಮಾಡುವ ನಮ್ಮ ಹೆಣ್ಣುಮಕ್ಕಳಿಗೆ ಇವರ ಕಥೆ ಯಾರಾದರೂ ಹೇಳಬೇಕು ಅಂತ ನನ್ನ ಆಸೆ.

ಇಲ್ಲಿಗೆ ನನ್ನ ಮಾತು ಮುಗಿದಿತ್ತು. ಆಮೇಲೆ ಬಂದ ಪ್ರಶ್ನೆಗಳು.

ಕಾಲೇಜು ಹುಡುಗಿಯೊಬ್ಬರು ಕೇಳಿದರು: "ಮೇಡಂ, ಹುಲ್ಲಿನ ಕೆಲಸಕ್ಕೆ ಹೊಸಬರು ಬರ್ತಿದ್ದಾರಾ?"

ಬರುತ್ತಿದ್ದಾರೆ. ನಿಗಾತಾ ನಗರದಲ್ಲಿ ಉವಾಸೆಕಿಗಾತಾ ಅನ್ನುವ ಪಾರ್ಕಿದೆ. ಅಲ್ಲಿನ ಜನ ಮುಸಾಶಿನೊ ಕಲಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಜೊತೆ ಸೇರಿ 2008ರಲ್ಲಿ ಒಂದು ಹುಲ್ಲಿನ ಕಲಾಮೇಳ ಶುರು ಮಾಡಿದರು. ಮರದ ಚೌಕಟ್ಟಿನ ಮೇಲೆ ಹುಲ್ಲಿನ ಜಡೆಗಳನ್ನು ಹೊದಿಸಿ ಆನೆ, ಸಿಂಹ, ಗೊರಿಲ್ಲಾ ಮಾಡುತ್ತಾರೆ. ಮಕ್ಕಳು ಅದರ ಬಾಯೊಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಇದು ಚಪ್ಪಲಿಯಲ್ಲ, ಹಗ್ಗವಲ್ಲ. ಆದರೆ ಹುಲ್ಲು ಹೆಣೆಯಲು ವಿದ್ಯಾರ್ಥಿಗಳು ಊರಿನವರ ಜೊತೆ ಕೂರಬೇಕಾಗುತ್ತದೆ. ಅಷ್ಟಾದರೂ ಆಗುತ್ತಿದೆ.

ಹಿರಿಯರೊಬ್ಬರು ನೇರವಾಗಿ ಕೇಳಿದರು: "ಇಷ್ಟೆಲ್ಲ ಒದ್ದಾಟ ಯಾಕಮ್ಮಾ, ನೈಲಾನ್ ಹಗ್ಗ ಸಾಕಲ್ವಾ?"

ತುಂಬ ಕೆಲಸಕ್ಕೆ ಸಾಕು. ಎಲ್ಲದಕ್ಕೂ ಸಾಲದು. ಕನಜಾವಾದ ಕೆನ್ರೊಕು ಉದ್ಯಾನದಲ್ಲಿ ಪ್ರತಿ ವರ್ಷ ನವೆಂಬರ್ 1ಕ್ಕೆ ಪೈನ್ ಮರಗಳ ಕೊಂಬೆಗಳನ್ನು ಹುಲ್ಲಿನ ಹಗ್ಗದಿಂದ ಎತ್ತಿ ಕಟ್ಟಲು ಶುರು ಮಾಡುತ್ತಾರೆ, ಹಿಮದ ಭಾರಕ್ಕೆ ಮುರಿಯದಿರಲಿ ಅಂತ. ಕರಸಾಕಿ ಪೈನ್ ಅನ್ನುವ ಒಂದೇ ಮರಕ್ಕೆ ಸುಮಾರು 800 ಹಗ್ಗ. ಹುಲ್ಲು ಮೆತ್ತಗೆ, ಕೊಂಬೆಯ ತೊಗಟೆ ತರಚುವುದಿಲ್ಲ. ಕ್ಯೋಟೊದ ಗಿಯೊನ್ ಹಬ್ಬದ ತೇರುಗಳನ್ನು ನೋಡಿ. ದೊಡ್ಡವು ಸುಮಾರು 12 ಟನ್ ತೂಗುತ್ತವೆ. ಪ್ರತಿ ಜುಲೈನಲ್ಲಿ ಬೀದಿಯಲ್ಲೇ ಹೊಸದಾಗಿ ಜೋಡಿಸುತ್ತಾರೆ. ಚೌಕಟ್ಟಿಗೆ ಒಂದು ಮೊಳೆಯನ್ನೂ ಹೊಡೆಯುವುದಿಲ್ಲ. ತೊಲೆಗೆ ತೊಲೆಯನ್ನು ಹುಲ್ಲಿನ ಹಗ್ಗದಿಂದ ಬಿಗಿಯುತ್ತಾರೆ. ಈ ತೇರಿನ ಚಕ್ರ ಪಕ್ಕಕ್ಕೆ ತಿರುಗುವುದಿಲ್ಲ. ಹಾಗಾಗಿ ಬೀದಿಯ ಮೂಲೆಯಲ್ಲಿ ಚಕ್ರದಡಿ ಬಿದಿರಿನ ಸೀಳು ಹಾಸಿ, ನೀರು ಸುರಿದು, ಇಡೀ ತೇರನ್ನೇ ಪಕ್ಕಕ್ಕೆ ಜಗ್ಗುತ್ತಾರೆ. ಆಗ ಚೌಕಟ್ಟು ಕಿರುಗುಟ್ಟುತ್ತಾ ಓಲಾಡುತ್ತದೆ. ಮೊಳೆ ಹೊಡೆದಿದ್ದರೆ ಮರ ಸೀಳುತ್ತಿತ್ತು. ನೈಲಾನ್ ನುಣ್ಣಗಿರುತ್ತದೆ, ಮರದ ಮೇಲೆ ಜಾರುತ್ತದೆ. ಹುಲ್ಲಿನ ಹಗ್ಗ ಒರಟು, ಮರವನ್ನು ಕಚ್ಚಿ ಹಿಡಿಯುತ್ತದೆ, ಬೇಕಾದಷ್ಟೇ ಬಾಗಿಕೊಡುತ್ತದೆ. ಹಬ್ಬ ಮುಗಿದ ಕೂಡಲೇ ತೇರು ಬಿಚ್ಚುತ್ತಾರೆ. ಮುಂದಿನ ಜುಲೈ ಹೊತ್ತಿಗೆ ಮತ್ತೆ ಅಷ್ಟು ಹಗ್ಗ ಬೇಕು, ಅಷ್ಟು ಹಗ್ಗಕ್ಕೆ ಬೇಕಾಗುವ ಹುಲ್ಲನ್ನು ಯಾರಾದರೂ ಅದರ ಹಿಂದಿನ ವರ್ಷವೇ ಬೆಳೆದು ಒಣಗಿಸಿ ಇಟ್ಟಿರಬೇಕು.